ಮನೆತನ ಬಲ್ಲ ವೈದ್ಯರು

ದಾಳಿಂಬೆಯ ಮೇಲೆ ಒಂದು ಕಪ್ಪು ಚುಕ್ಕೆ ಕಂಡರೆ ನಮ್ಮ ರೈತರು ಅದೇ ದಿನ ಔಷಧಿ ಅಂಗಡಿಗೆ ಹೋಗುತ್ತಾರೆ. ಎಮ್ಮೆ ಮೇವು ಬಿಟ್ಟರೆ ದನದ ಡಾಕ್ಟರನ್ನು ಕರೆಸುತ್ತಾರೆ. ಆದರೆ ಮನೆಯ ಯಜಮಾನನಿಗೆ ಆರು ತಿಂಗಳಿಂದ ತಲೆಸುತ್ತು ಇದ್ದರೂ ‘ಸುಗ್ಗಿ ಮುಗಿಯಲಿ’ ಎನ್ನುತ್ತಾರೆ. ಲಕ್ವ ಹೊಡೆದ ಮೇಲೆ ಸಾಲ ಮಾಡಿ ಗಾಡಿ ಹೂಡಿಸಬೇಕಾಗುತ್ತದೆ.

ದಾನಮ್ಮ ದೇವಿಯ ಕ್ಷೇತ್ರವಾದ ಗುಡ್ಡಾಪುರ ಮತ್ತು ಸುತ್ತಲಿನ ಜತ್ತ ತಾಲೂಕಿನ ಹಳ್ಳಿಗಳು ಬರದ ಸೀಮೆ. ಕಠಿಣ ಬೇನೆಗೆ ಇಲ್ಲಿಯವರು ದೂರದ ಸಾಂಗ್ಲಿ, ಮಿರಜಗಳತ್ತ ನೋಡುತ್ತಾರೆ. ಮಿರಜಿನಲ್ಲಿ ಡಾ. ವಿಲಿಯಂ ವಾನ್ಲೆಸ್ 1894ರಲ್ಲೇ ಆಸ್ಪತ್ರೆ ತೆರೆದರು. ದೊಡ್ಡಾಸ್ಪತ್ರೆ ಬೇಕು, ನಿಜ. ಆದರೆ ಬೇನೆ ಅಲ್ಲಿಯವರೆಗೆ ಬೆಳೆಯದಂತೆ ತಡೆಯುವವರು ಹತ್ತಿರದ ಕುಟುಂಬ ವೈದ್ಯರು. ತಂದೆಗೆ ಸಕ್ಕರೆ ಕಾಯಿಲೆ ಇತ್ತೆಂದು ಬಲ್ಲವರು ಮಗನನ್ನೂ ಮೊದಲೇ ಪರೀಕ್ಷಿಸುತ್ತಾರೆ. ಯಾರಿಗೆ ಯಾವ ಗುಳಿಗೆ ಒಗ್ಗದು ಎಂಬುದು ಅವರಿಗೆ ಗೊತ್ತಿರುತ್ತದೆ. ಯಾವುದು ಇಲ್ಲೇ ವಾಸಿಯಾದೀತು, ಯಾವುದನ್ನು ತಡಮಾಡದೆ ಮುಂದಕ್ಕೆ ಕಳಿಸಬೇಕು ಎಂದು ತಿಳಿದು ಹೇಳುವುದೇ ಅವರ ದೊಡ್ಡ ಕೆಲಸ.

ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಎಂಬುದು ಸರಕಾರದ ಲೆಕ್ಕ. ಅಲ್ಲಿನ ಡಾಕ್ಟರರಿಗೆ ವರ್ಗವಾಗಬಹುದು. ಆದ್ದರಿಂದ ಪ್ರತಿಯೊಬ್ಬರ ಚೀಟಿ, ರಕ್ತ ಪರೀಕ್ಷೆಯ ಕಾಗದಗಳನ್ನು ಹೊಲದ ಉತಾರದಷ್ಟೇ ಜೋಪಾನವಾಗಿ ಒಂದು ಚೀಲದಲ್ಲಿಡಿ. ಹೊಸಬರಿಗೂ ಮನೆಯ ಸಂಗತಿ ತಿಳಿಯುತ್ತದೆ.

ಇಂಥದೇ ಬರದ ನಾಡಾದ ಜಾಮಖೇಡಕ್ಕೆ (ಈಗಿನ ಅಹಿಲ್ಯಾನಗರ ಜಿಲ್ಲೆ) 1970ರಲ್ಲಿ ಡಾ. ರಜನಿಕಾಂತ ಮತ್ತು ಡಾ. ಮೇಬಲ್ ಆರೋಳೆ ದಂಪತಿ ಬಂದರು. ಶಾಲೆಯ ಮುಖ ಕಾಣದ ಹಳ್ಳಿಯ ಹೆಂಗಸರಿಗೂ ಅವರು ಗರ್ಭಿಣಿಯರ ಆರೈಕೆ, ಮಕ್ಕಳ ಪೋಷಣೆ ಕಲಿಸಿದರು. ಶಿಶುಮರಣ ಬಹಳ ಇಳಿಯಿತು. 1979ರಲ್ಲಿ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಊರವರು ಕೈಜೋಡಿಸಿದರೆ ವೈದ್ಯರ ವಿದ್ಯೆ ಮನೆ ಮನೆ ಮುಟ್ಟುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಕುಟುಂಬಗಳಿಗೆ ನಾವು ಹೇಳುವುದಿಷ್ಟು:

1. ಮೂವತ್ತು ದಾಟಿದವರೆಲ್ಲರೂ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ. ಒತ್ತಡ 140/90ನ್ನು ಮುಟ್ಟಿದರೆ ಮತ್ತೆ ತೋರಿಸಿ. ಹಾಯೆನಿಸಿತೆಂದು ಗುಳಿಗೆ ಬಿಡಬೇಡಿ.

2. ವೈದ್ಯರು ಮರಾಠಿಯವರಾದರೆ ಮರಾಠಿ ಬಲ್ಲ ಮಗನನ್ನೋ ಸೊಸೆಯನ್ನೋ ಕರೆದುಕೊಂಡು ಹೋಗಿ. ಅರ್ಧ ಹೇಳಿದರೆ ಅರ್ಧವೇ ಔಷಧಿ.

3. ದ್ರಾಕ್ಷಿ, ದಾಳಿಂಬೆಗೆ ಔಷಧಿ ಹೊಡೆಯುವಾಗ ತಲೆ ತಿರುಗಿ ವಾಂತಿಯಾದರೆ ಕೆಲಸ ನಿಲ್ಲಿಸಿ, ಬಟ್ಟೆ ಬದಲಿಸಿ, ಮೈ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಆ ಔಷಧಿಯ ಡಬ್ಬಿಯನ್ನೂ ಒಯ್ಯಿರಿ.

4. ಹಾವು ಕಚ್ಚಿದರೆ ಗಾಯ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ಮಂತ್ರಕ್ಕೆ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ದೇಹವೂ ದೇವರು ಕೊಟ್ಟ ಹೊಲ. ಅದರ ಕಾವಲನ್ನು ಸುಗ್ಗಿಯವರೆಗೆ ಮುಂದೂಡಬೇಡಿ.