ಮನಿ ಪ್ಲಾಂಟ್: ಗೆಣ್ಣು ಗುರುತಿಸಿ, ಬೇರು ಬರಿಸಿ, ಬಳ್ಳಿ ಉಳಿಸಿ

ಮನಿ ಪ್ಲಾಂಟನ್ನು ಕದ್ದು ತಂದರೇನೇ ಚೆನ್ನಾಗಿ ಬೆಳೆಯುತ್ತೆ ಅನ್ನೋ ಮಾತನ್ನು ನೀವೂ ಕೇಳಿರ್ತೀರಿ. ಆದರೆ ಈ ಬಳ್ಳಿ ಬೆಳೆಯೋದಕ್ಕೂ ಕಳ್ಳತನಕ್ಕೂ ಸಂಬಂಧವಿಲ್ಲ. ತಂದ ತುಂಡಿನಲ್ಲಿ ಒಂದು ಗೆಣ್ಣು ಇತ್ತಾ ಇಲ್ವಾ ಅನ್ನೋದಷ್ಟೇ ಲೆಕ್ಕ. ಗೆಣ್ಣಿದ್ದರೆ ಕೇಳಿ ತಂದರೂ ಬೆಳೆಯುತ್ತೆ. ಗೆಣ್ಣಿಲ್ಲದಿದ್ದರೆ ದುಡ್ಡು ಕೊಟ್ಟು ತಂದರೂ ಚಿಗುರೋದಿಲ್ಲ.

ಮನೆಯ ಜಗಲಿಗೆ ಒಂದು ಬಳ್ಳಿ ಬೇಕು ಅನ್ನೋರಿಗೂ, ತೋಟದ ಮೂಲೆಯಲ್ಲಿ ನೆರಳು ಪರದೆ ಕಟ್ಟಿ ಸಣ್ಣ ನರ್ಸರಿ ಮಾಡೋಣ ಅಂತ ಯೋಚಿಸುತ್ತಿರುವ ಯುವ ರೈತರಿಗೂ ಈ ವಾರದ ಮಾಹಿತಿ ಉಪಯೋಗಕ್ಕೆ ಬರುತ್ತದೆ.

ಈ ಬಳ್ಳಿಯ ಮೂಲ ಎಲ್ಲಿ?

ಇದರ ವೈಜ್ಞಾನಿಕ ಹೆಸರು ಎಪಿಪ್ರೆಮ್ನಮ್ ಆರಿಯಮ್. ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪ ಇದರ ತವರು. 1880ರಲ್ಲಿ ಮೊದಲು ಪೋಥೋಸ್ ಆರಿಯಸ್ ಅಂತ ಹೆಸರಿಟ್ಟರು. ಈಗಿನ ಹೆಸರು ಬಂದದ್ದು 1964ರಲ್ಲಿ. ಹೆಸರು ಬದಲಾದರೂ ಆನ್‌ಲೈನ್‌ನಲ್ಲಿ ಇಂದಿಗೂ ಇದನ್ನು ಪೋಥೋಸ್ ಅಂತಲೇ ಮಾರುತ್ತಾರೆ.

ಈ ಬಳ್ಳಿ ಹೂ ಬಿಡುವುದೇ ಬಲು ಅಪರೂಪ. ಗಿಬ್ಬರೆಲಿನ್ ಎಂಬ ಹಾರ್ಮೋನು ತಯಾರಿಸುವ ಒಂದು ಜೀನ್ ಸರಿಯಾಗಿ ಕೆಲಸ ಮಾಡದಿರುವುದೇ ಇದಕ್ಕೆ ಕಾರಣ ಅಂತ 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರು ಗೊನೆಗೆ ಕೊಡುವ ಜಿಎ ಇದೆಯಲ್ಲ, ಅದೇ ಗುಂಪಿನ ಹಾರ್ಮೋನು ಇದು. ಹೂವಿಲ್ಲ ಅಂದಮೇಲೆ ಬೀಜವೂ ಇಲ್ಲ. ಹಾಗಾಗಿ ನಮ್ಮ ಮನೆಗಳಲ್ಲಿರುವ ಮನಿ ಪ್ಲಾಂಟ್‌ಗಳೆಲ್ಲ ಕೈಯಿಂದ ಕೈಗೆ ದಾಟಿ ಬಂದ ತುಂಡುಗಳೇ.

ಗುರುತು ಹಿಡಿಯೋದು ಹೇಗೆ?

ಮೊಬೈಲಿನಲ್ಲಿ ಒಂದು ಎಲೆಯ ಫೋಟೋ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಹಲವು ಸಲ ತಪ್ಪು ಹೆಸರು ಬರುತ್ತದೆ. ಹೃದಯದ ಆಕಾರದ ಎಲೆ ಇರೋ ಬಳ್ಳಿಗಳು ಬೇಕಾದಷ್ಟಿವೆ. ಮೂರು ಫೋಟೋ ತೆಗೆಯಿರಿ: ಎಲೆತೊಟ್ಟು, ಗೆಣ್ಣು, ಹೊಸದಾಗಿ ಬಿಚ್ಚಿಕೊಳ್ಳುತ್ತಿರುವ ಎಲೆ. ಆಮೇಲೆ ಇವನ್ನು ನೋಡಿ:

• ಎಲೆತೊಟ್ಟು: ಮನಿ ಪ್ಲಾಂಟ್‌ನ ತೊಟ್ಟಿನ ಮೇಲ್ಭಾಗದಲ್ಲಿ ಸಣ್ಣ ಕಾಲುವೆಯಂಥ ಗೀರು ಇರುತ್ತದೆ. ಇದನ್ನೇ ಹೋಲುವ ಫಿಲೋಡೆಂಡ್ರಾನ್ ಬಳ್ಳಿಯ ತೊಟ್ಟು ದುಂಡಗಿರುತ್ತದೆ.

• ಹೊಸ ಎಲೆ: ಮನಿ ಪ್ಲಾಂಟ್‌ನಲ್ಲಿ ಹೊಸ ಎಲೆ ಹಿಂದಿನ ಎಲೆಯ ತೊಟ್ಟಿನ ಸಂದಿಯಿಂದಲೇ ಸುರುಳಿಯಾಗಿ ಬರುತ್ತದೆ. ಫಿಲೋಡೆಂಡ್ರಾನ್‌ನಲ್ಲಿ ಹೊಸ ಎಲೆಗೆ ಪ್ರತ್ಯೇಕ ಪೊರೆ ಇರುತ್ತದೆ. ಎಲೆ ಬಿಚ್ಚಿದ ಮೇಲೆ ಅದು ಒಣಗಿ ಬೀಳುತ್ತದೆ.

• ಎಲೆಯ ಮೈ: ಮನಿ ಪ್ಲಾಂಟ್ ಎಲೆ ದಪ್ಪ, ಮೇಣ ಸವರಿದಂತೆ ಹೊಳಪು. ಹೊಳಪಿಲ್ಲದ ಎಲೆಯ ಮೇಲೆ ಬೆಳ್ಳಿ ಬಣ್ಣದ ಚುಕ್ಕೆಗಳಿದ್ದರೆ ಅದು ಸಿಂಡಾಪ್ಸಸ್, ಬೇರೆ ಗಿಡ.

• ವೀಳ್ಯದೆಲೆ ಜೊತೆ ಗೊಂದಲ ಬೇಡ: ವೀಳ್ಯದೆಲೆಯಲ್ಲಿ ಬುಡದ ಹತ್ತಿರದಿಂದಲೇ ಹಲವು ನರಗಳು ಬಿಲ್ಲಿನಂತೆ ಬಾಗಿ ಮೇಲೆ ಹೋಗುತ್ತವೆ, ಕಿವುಚಿದರೆ ಘಮ ಬರುತ್ತೆ. ಮನಿ ಪ್ಲಾಂಟ್‌ಗೆ ನಡುವೆ ಒಂದೇ ಮುಖ್ಯ ನರ, ವೀಳ್ಯದ ಘಮ ಇಲ್ಲ. ಬಾಯಿಗೆ ಹಾಕಿ ಪರೀಕ್ಷೆ ಮಾತ್ರ ಮಾಡ್ಬೇಡಿ.

ಹಳದಿ ಪಟ್ಟೆಯದು ಗೋಲ್ಡನ್, ಬಿಳಿ ಹೆಚ್ಚಿರೋದು ಮಾರ್ಬಲ್ ಕ್ವೀನ್, ಪೂರ್ತಿ ಎಳೆ ಹಸಿರು-ಹಳದಿ ಬಣ್ಣದ್ದು ನಿಯಾನ್, ಗಾಢ ಹಸಿರಿನದು ಜೇಡ್. ಎಲೆಯಲ್ಲಿ ಬಿಳಿ ಹೆಚ್ಚಿದಷ್ಟೂ ಹಸಿರು ಕಡಿಮೆ, ಹಸಿರು ಕಡಿಮೆಯಾದಷ್ಟೂ ಬೆಳವಣಿಗೆ ನಿಧಾನ. ಮಾರ್ಬಲ್ ಕ್ವೀನ್ ಬೆಲೆ ಜಾಸ್ತಿ ಇರೋದಕ್ಕೆ ಇದೂ ಒಂದು ಕಾರಣ.

ಬೇರು ಬರಿಸೋದು

ಕಾಳುಮೆಣಸಿನ ಹಬ್ಬುಬಳ್ಳಿ ಕತ್ತರಿಸಿ ಪಾಲಿಥಿನ್ ಚೀಲಕ್ಕೆ ನೆಟ್ಟು ಗೊತ್ತಿದ್ದವರಿಗೆ ಇದು ಹೊಸ ವಿದ್ಯೆ ಅಲ್ಲ. ಎಲೆ ಕಾಂಡಕ್ಕೆ ಕೂಡುವ ಜಾಗದ ಉಬ್ಬೇ ಗೆಣ್ಣು. ಅಲ್ಲಿ ಕಂದು ಬಣ್ಣದ ಸಣ್ಣ ಮೊಳೆಯಂಥ ಗಾಳಿಬೇರು ಕಾಣುತ್ತದೆ. ಚಿಗುರು, ಬೇರು ಎರಡೂ ಹೊರಡೋದು ಅಲ್ಲಿಂದಲೇ. ಬರೀ ಎಲೆ ಮತ್ತು ತೊಟ್ಟನ್ನು ನೀರಿಗೆ ಹಾಕಿದರೆ ಎಲೆ ಕೆಲಕಾಲ ಹಸಿರಾಗಿರಬಹುದು, ಬಳ್ಳಿ ಮಾತ್ರ ಆಗೋದಿಲ್ಲ.

1. ರೋಗವಿಲ್ಲದ, ಬಣ್ಣ ಚೆನ್ನಾಗಿರುವ ತಾಯಿಬಳ್ಳಿ ಆರಿಸಿ. ಬ್ಲೇಡ್ ಅಥವಾ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ.

2. ಗೆಣ್ಣಿನಿಂದ 1-2 ಸೆಂ.ಮೀ. ಕೆಳಗೆ ಕತ್ತರಿಸಿ. ಒಂದು ಗೆಣ್ಣು, ಒಂದು ಎಲೆ ಇದ್ದರೆ ಸಾಕು. ಹೊಸಬರು ಎರಡು ಗೆಣ್ಣಿನ ತುಂಡು ತಗೊಳ್ಳೋದು ಒಳ್ಳೆಯದು.

3. ನೀರಿನಲ್ಲಾದರೆ ಗೆಣ್ಣು ಮುಳುಗಬೇಕು, ಎಲೆ ಮುಳುಗಬಾರದು. ಮುಳುಗಿದ ಎಲೆ ಕೊಳೆತು ನೀರನ್ನೆಲ್ಲ ಕೆಡಿಸುತ್ತದೆ. 3-4 ದಿನಕ್ಕೊಮ್ಮೆ ನೀರು ಬದಲಿಸಿ.

4. ಒಂದೆರಡು ವಾರದಲ್ಲಿ ಬೇರು ಕಾಣುತ್ತದೆ. ಎರಡು ಇಂಚು ಆದ ಕೂಡಲೇ ಮಣ್ಣಿಗೆ ಹಾಕಿ. ತಿಂಗಳುಗಟ್ಟಲೆ ನೀರಿನಲ್ಲೇ ಬೆಳೆದ ಬೇರಿಗೆ ಮಣ್ಣು ಒಗ್ಗೋದು ತಡ.

5. ನರ್ಸರಿಗಾದರೆ ನೀರಿನ ಹಂತವೇ ಬೇಡ. ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಮರಳು ಸಮ ಪ್ರಮಾಣದಲ್ಲಿ ಬೆರೆಸಿ ಗೆಣ್ಣು ಮುಚ್ಚುವಂತೆ ನೇರ ನೆಡಿ. ಮೊದಲ ಎರಡು ವಾರ ಮಿಶ್ರಣ ತೇವವಾಗಿರಲಿ, ಕೆಸರಾಗದಿರಲಿ.

ಸೊರಗು ರೋಗ ಬಂದ ಮೆಣಸಿನ ತೋಟದ ಮಣ್ಣನ್ನು ಇದಕ್ಕೆ ಬಳಸಲೇಬೇಡಿ. ಬೇರು ಕೊಳೆಸುವ ಶಿಲೀಂಧ್ರ, ಜಂತುಹುಳು ಎಲ್ಲ ಮಣ್ಣಿನ ಜೊತೆಗೇ ಪ್ರಯಾಣ ಮಾಡುತ್ತವೆ.

ಬಾಟಲಿಯಲ್ಲಿಟ್ಟಿದ್ದರೆ ಇದನ್ನು ಮರೀಬೇಡಿ

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ಮನೆಯ ಒಳಗೂ ಸುತ್ತಮುತ್ತಲೂ ನಿಂತ ನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಕಿಟಕಿಯ ಮೇಲಿನ ಮನಿ ಪ್ಲಾಂಟ್ ಬಾಟಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ಬಾಟಲಿಯ ಒಳಗೋಡೆಗೆ ಅಂಟಿಕೊಂಡಿರುತ್ತವೆ, ಬ್ರಷ್ ಹಾಕಿ ಉಜ್ಜಬೇಕು. ಬಾಯಿಗೆ ಹತ್ತಿ ಅಥವಾ ಸಣ್ಣ ಬಲೆ ಕಟ್ಟಿ. ಕುಂಡದ ಕೆಳಗಿನ ತಟ್ಟೆಯ ನೀರನ್ನೂ ಚೆಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ನಿಗದಿ ಮಾಡಿತು. ದಂಡದ ಮಾತು ಇರಲಿ, ಮನೆಯಲ್ಲಿ ಮಕ್ಕಳಿದ್ದಾರೆ ಅನ್ನೋದು ನೆನಪಿರಲಿ.

ಆರೈಕೆ

• ಬೆಳಕು: ಬೆಳಕು ಚೆನ್ನಾಗಿರಬೇಕು, ಆದರೆ ಮಧ್ಯಾಹ್ನದ ನೇರ ಬಿಸಿಲು ಬೇಡ, ಎಲೆ ಸುಡುತ್ತದೆ. ತೀರಾ ಕತ್ತಲಲ್ಲಿಟ್ಟರೆ ಗೆಣ್ಣುಗಳ ಅಂತರ ಉದ್ದವಾಗಿ, ಹಳದಿ ಪಟ್ಟೆ ಮಾಸಿ ಎಲೆ ಬರೀ ಹಸಿರಾಗುತ್ತದೆ. ನರ್ಸರಿಗೆ ಶೇ. 75ರಷ್ಟು ನೆರಳು ಕೊಡುವ ಪರದೆ ಸರಿ.

• ನೀರು: ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು ಹಾಕಿ, ಒದ್ದೆ ಇದ್ದರೆ ಸುಮ್ನಿರಿ. ರಾಯಚೂರಿನ ಬೇಸಿಗೆಗೂ ತೀರ್ಥಹಳ್ಳಿಯ ಮಳೆಗಾಲಕ್ಕೂ ಒಂದೇ ವೇಳಾಪಟ್ಟಿ ನಡೆಯೋದಿಲ್ಲ, ಬೆರಳೇ ಅಳತೆಗೋಲು.

• ಎಲೆ ಹೇಳುವ ಮಾತು: ಮಣ್ಣು ಒದ್ದೆಯಿದ್ದೂ ಎಲೆ ಹಳದಿಯಾದರೆ ನೀರು ಹೆಚ್ಚಾಗಿದೆ. ಎಲೆ ಜೋತು ಬಿದ್ದು ಮುದುಡಿ, ಮಣ್ಣು ಒಣಗಿದ್ದರೆ ನೀರು ಕಡಿಮೆ. ಬುಡದ ಒಂದೆರಡು ಹಳೆ ಎಲೆ ಹಳದಿಯಾಗೋದು ಸಹಜ.

• ಗೊಬ್ಬರ: ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ. ಬೆಳವಣಿಗೆ ಜೋರಿದ್ದಾಗ ತಿಂಗಳಿಗೊಮ್ಮೆ ಲೀಟರ್ ನೀರಿಗೆ 1 ಗ್ರಾಂ 19:19:19 ಸಾಕು.

• ಕೀಟ: ಎಲೆ ಸಂದಿಯಲ್ಲಿ ಹತ್ತಿಯಂಥ ಬಿಳಿ ಕಂಡರೆ ಹಿಟ್ಟು ತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ.

• ಸವರುವಿಕೆ: ಬಳ್ಳಿ ಬೋಳಾಗಿ ಉದ್ದಕ್ಕೆ ಜೋತುಬಿದ್ದಿದ್ದರೆ ತುದಿ ಕತ್ತರಿಸಿ. ಕತ್ತರಿಸಿದ ಜಾಗದ ಕೆಳಗಿನ ಗೆಣ್ಣಿನಿಂದ ಹೊಸ ಚಿಗುರು ಬರುತ್ತದೆ. ತುದಿಯ ತುಂಡನ್ನು ಅದೇ ಕುಂಡಕ್ಕೆ ನೆಡಿ.

ಎಷ್ಟು ಬಳ್ಳಿಗೆ ಎಷ್ಟು ಕುಂಡ?

ಅಂಗಡಿಯಲ್ಲಿ ಕುಂಡ ತುಂಬಿಕೊಂಡು ಕಾಣುತ್ತದಲ್ಲ, ಅದು ಒಂದೇ ಗಿಡ ಅಲ್ಲ. ಒಂದು ತುಂಡಿನಿಂದ ಸಾಮಾನ್ಯವಾಗಿ ಒಂದೇ ಬಳ್ಳಿ ಹೊರಡುತ್ತದೆ. ಹಾಗಾಗಿ ಒಂದು ಕುಂಡಕ್ಕೆ 4-5 ತುಂಡು ನೆಡಬೇಕು. ಗೆಣ್ಣಿಂದ ಗೆಣ್ಣಿಗೆ 10 ಸೆಂ.ಮೀ. ಅಂತ ಹಿಡಿದರೆ ಒಂದು ಮೀಟರ್ ಬಳ್ಳಿಯಲ್ಲಿ 10 ಗೆಣ್ಣು. ಬುಡದಲ್ಲಿ ಎರಡು ಬಿಟ್ಟರೆ ಕೈಗೆ ಬರೋದು 8. ನೂರು ಕುಂಡಕ್ಕೆ 500 ತುಂಡು, ಕೊಳೆತು ಹೋಗುವುದಕ್ಕೆ ಅಂತ 50 ಸೇರಿಸಿದರೆ 550. ಅಂದರೆ ಸುಮಾರು 70 ಮೀಟರ್ ತಾಯಿಬಳ್ಳಿ ಬೇಕು. ಇಷ್ಟು ಬಳ್ಳಿ ಇಲ್ಲದೆ ಆರ್ಡರ್ ಹಿಡಿಯಬೇಡಿ. ಮೊದಲ ಕೆಲವು ತಿಂಗಳು ತಾಯಿಬಳ್ಳಿ ಬೆಳೆಸೋದಕ್ಕೇ ಮೀಸಲಿಡಿ. ಕುಂಡ, ಮಿಶ್ರಣ, ಪರದೆ, ಸಾಗಣೆ ಎಲ್ಲದರ ಖರ್ಚನ್ನು ಮೊಬೈಲ್ ನೋಟ್ಸ್‌ನಲ್ಲಿ ಬರೆದಿಟ್ಟು, ಹತ್ತಿರದ ಪೇಟೆಯ ಎರಡು ಮೂರು ನರ್ಸರಿಯ ಸಗಟು ಬೆಲೆ ಕೇಳಿ, ಆಮೇಲೆ ಕೈ ಹಾಕಿ.

ಗಾಳಿ ಶುದ್ಧ ಮಾಡುತ್ತೆ ಅಂತ ಬೋರ್ಡ್ ಹಾಕಿ ಮಾರೋದು ಬೇಡ. 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ. ಮನೆಯಲ್ಲಿ ಅದೇ ಪರಿಣಾಮಕ್ಕೆ ಪ್ರತಿ ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕಾಗುತ್ತದೆ ಅಂತ 2019ರ ವಿಮರ್ಶೆಯೊಂದು ಲೆಕ್ಕ ಹಾಕಿದೆ. ಗಿಡ ಚೆಂದವಾಗಿದೆ, ಕಡಿಮೆ ಆರೈಕೆ ಸಾಕು. ಅಷ್ಟು ಹೇಳಿದರೂ ಮಾರಾಟ ಆಗುತ್ತೆ.

ದನ, ಮಗು, ಮರ

ಮನಿ ಪ್ಲಾಂಟ್ ಕೆಸುವಿನ ಕುಟುಂಬದ್ದು. ಹಸಿ ಕೆಸು ಬಾಯಿ ತುರಿಸೋದು ಯಾಕೆ ಗೊತ್ತಲ್ಲ? ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಇದರಲ್ಲೂ ಅದೇ ಇದೆ. ಮಗು ಎಲೆ ಕಚ್ಚಿದರೆ ಬಾಯಿ ಒರೆಸಿ, ತೊಳೆಸಿ, ತಣ್ಣೀರು ಕುಡಿಸಿ. ಬಾಯಿ ಊದಿಕೊಂಡರೆ, ಉಸಿರಾಟಕ್ಕೆ ಅಥವಾ ನುಂಗಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಾಯಿ, ಬೆಕ್ಕಿಗೂ ಇದು ಒಗ್ಗದು. ಸವರಿದ ಬಳ್ಳಿಯನ್ನು ದನ, ಆಡಿನ ಮೇವಿಗೆ ಹಾಕಬೇಡಿ. ನೂರಾರು ತುಂಡು ಕತ್ತರಿಸುವಾಗ ರಸ ತಾಗಿ ಕೈ ತುರಿಸಬಹುದು, ಗ್ಲೌಸ್ ಹಾಕಿಕೊಳ್ಳಿ.

ಇನ್ನೊಂದು ಅಪಾಯ ನಿಧಾನವಾಗಿ ಬರುತ್ತದೆ. ಕುಂಡದಲ್ಲಿ ಅಂಗೈಯಷ್ಟಿರುವ ಎಲೆ ಮರ ಹತ್ತಿದರೆ ಎರಡು ಮೂರು ಅಡಿ ಉದ್ದವಾಗಿ, ಅಂಚು ಸೀಳಿಕೊಂಡು ಬೆಳೆಯುತ್ತದೆ. ಶ್ರೀಲಂಕಾದಲ್ಲಿ ಇದು ಕಾಡಿಗೆ ನುಗ್ಗಿ, ನೆಲವನ್ನೂ ಮರಗಳನ್ನೂ ಆವರಿಸುವ ಕಳೆಯಾಗಿದೆ. ನಮ್ಮ ಮಲೆನಾಡು, ಕರಾವಳಿಯ ಹವೆಯೂ ಇದಕ್ಕೆ ಅಷ್ಟೇ ಹಿತ. ಅಡಿಕೆ, ತೆಂಗಿನ ಬುಡಕ್ಕೆ ಚೆಂದಕ್ಕೆಂದು ಬಿಡಬೇಡಿ. ಮೆಣಸು ಹತ್ತಬೇಕಾದ ಮರವನ್ನು ಇದು ಹತ್ತಿಬಿಡುತ್ತದೆ. ಸವರಿದ ತುಂಡುಗಳನ್ನು ಹಳ್ಳಕ್ಕೆ, ಕಾಡಂಚಿಗೆ, ತಿಪ್ಪೆಗೆ ಎಸೆದರೆ ಒಂದು ಗೆಣ್ಣು ಸಾಕು, ಅಲ್ಲೇ ಬೇರು ಬಿಡುತ್ತದೆ. ಕಾಂಕ್ರೀಟ್ ಅಂಗಳದಲ್ಲೋ ಟಾರ್ಪಾಲಿನ ಮೇಲೋ ಹರಡಿ, ಮುರಿದರೆ ಲಟಕ್ ಅನ್ನುವಷ್ಟು ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.

ಈ ವಾರ ಇಷ್ಟು ಮಾಡಿ: ಮನೆಯಲ್ಲಿರುವ ಬಳ್ಳಿಯ ತೊಟ್ಟು ನೋಡಿ ಹೆಸರು ಖಚಿತ ಮಾಡಿಕೊಳ್ಳಿ, ಬಾಟಲಿ ಇದ್ದರೆ ಉಜ್ಜಿ ತೊಳೆಯಿರಿ, ಐದು ತುಂಡು ಕತ್ತರಿಸಿ ಒಂದು ಕುಂಡಕ್ಕೆ ನೆಡಿ. ದಿನಾಂಕ ಬರೆದ ಚೀಟಿ ಕುಂಡಕ್ಕೆ ಸಿಕ್ಕಿಸಿ. ಐದರಲ್ಲಿ ಎಷ್ಟು ಚಿಗುರಿದವು ಅಂತ ತಿಂಗಳ ನಂತರ ಎಣಿಸಿದರೆ, ನೂರು ಕುಂಡಕ್ಕೆ ಕೈ ಹಾಕಬಹುದೋ ಬೇಡವೋ ಅನ್ನೋದು ನಿಮಗೇ ಗೊತ್ತಾಗುತ್ತದೆ.