ಮ್ಯಾಲ ಮ್ಯಾಲ, ಕೆಳಗ ಕೆಳಗ... ಅಟ್ಟದಿಂದ ಇಳಿದ ವಿಡಿಯೋ ಗೇಮ್

ಅಕ್ಕಲಕೋಟ: 2024ರ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲಿಂದ ಒಂದು ಡಬ್ಬಿ ಇಳಿಯಿತು. ಧೂಳು ಕೊಡವಿ ನೋಡಿದರೆ ಒಳಗೆ ಹಳೆಯ ವಿಡಿಯೋ ಗೇಮ್, ಎರಡು ರಿಮೋಟ್, ಒಂದು ಪ್ಲಾಸ್ಟಿಕ್ ಪಿಸ್ತೂಲು, ನಾಲ್ಕು ಕ್ಯಾಸೆಟ್! "ಇದನ್ನ ಗುಜರಿಗೆ ಹಾಕೂಣೇನೋ?" ಎಂದು ಅವ್ವ ಕೇಳುವಷ್ಟರಲ್ಲಿ, ಪುಣೆಯಿಂದ ಹಬ್ಬಕ್ಕೆ ಬಂದಿದ್ದ ಅಣ್ಣ ಡಬ್ಬಿಯನ್ನು ಎದೆಗೆ ಅವುಚಿಕೊಂಡಿದ್ದ. ನಲವತ್ತು ದಾಟಿದ ಮನುಷ್ಯ. ಮಾಡಿದ ಮೊದಲ ಕೆಲಸವೇನು ಗೊತ್ತೇ? ಕ್ಯಾಸೆಟ್ ತೆಗೆದು 'ಉಫ್' ಎಂದು ಊದಿದ್ದು!

ಆ 'ಉಫ್' ಏನೆಂದು 1990ರ ದಶಕದಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಗೇಮ್ ಹತ್ತದಿದ್ದರೆ ಊದು, ಮತ್ತೆ ಹಾಕು. ಅಸಲಿಗೆ ಊದಿದ್ದರಿಂದ ಏನೂ ಆಗುತ್ತಿರಲಿಲ್ಲವಂತೆ. ತೆಗೆದು ಮತ್ತೆ ಹಾಕಿದಾಗ ಲೋಹದ ಪಟ್ಟಿಗಳು ಸರಿಯಾಗಿ ಕೂಡುತ್ತಿದ್ದವು, ಅಷ್ಟೇ. ಬಾಯಿಯ ತೇವದಿಂದ ಅವು ಹಾಳಾಗುತ್ತವೆ, ಊದಬೇಡಿ ಎಂದು ಕಂಪನಿಯೇ ಹೇಳಿತ್ತು. ಆದರೆ ನಮ್ಮ ಓಣಿಯಲ್ಲಿ ಅದನ್ನು ಕೇಳುವವರು ಯಾರು?

ಜಪಾನಿನ ಯಂತ್ರ, ನಮ್ಮ ಓಣಿ

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ 'ಫ್ಯಾಮಿಕಾಮ್' ಎಂಬ ಯಂತ್ರ ತಂದಿತು. ನಮ್ಮ ಬಾಜಾರಗಳಿಗೆ ಹೆಚ್ಚಾಗಿ ಬಂದದ್ದು ಅದರ ಅಗ್ಗದ ನಕಲುಗಳು. ಕ್ಯಾಸೆಟ್ ಮೇಲೆ '9999 ಗೇಮ್' ಎಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯ ಆಟ. ಅವೇ ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಆದರೂ ಆ ಬೆರಳೆಣಿಕೆಯಲ್ಲಿ 1985ರ ಸೂಪರ್ ಮಾರಿಯೋ ಇತ್ತು, ಕಾಂಟ್ರಾ ಇತ್ತು. ಇನ್ನೇನು ಬೇಕು?

ಮಾರಿಯೋದ ಪೂರ್ತಿ ಆಟ ಹಿಡಿಸಿದ್ದು ಬರೀ 40 ಕೆಬಿಯಲ್ಲಿ. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಜಾಗ ಉಳಿಸಲು ಅವರು ಮಾಡಿದ ಉಪಾಯ ನೋಡಿ: ಆಕಾಶದ ಮೋಡ, ನೆಲದ ಮೇಲಿನ ಪೊದೆ ಎರಡೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಸಾವಿರ ಸಲ ಆಡಿದ ನಮಗೆ ಇದು ಕಂಡೇ ಇರಲಿಲ್ಲ!

ಆ ಆಟದಲ್ಲಿ ಆಡಿದ್ದನ್ನು ಉಳಿಸಿಡುವ ಸೌಲಭ್ಯವೂ ಇರಲಿಲ್ಲ. ಎಂಟು ಲೋಕ, 32 ಹಂತ. ಏಳನೆಯ ಲೋಕಕ್ಕೆ ಮುಟ್ಟಿದಾಗ ಕರೆಂಟ್ ಹೋಯಿತೋ, ಮತ್ತೆ ಮೊದಲಿನಿಂದ ಶುರು. ಲೋಡ್ ಶೆಡ್ಡಿಂಗ್ ಕಾಲದಲ್ಲಿ ನಾವು ರಾಜಕುಮಾರಿಯನ್ನು ಬಿಡಿಸಿದ್ದು ಎಷ್ಟು ಸಲ ಎಂದು ಕೇಳಬೇಡಿ.

ಮನೆಯಲ್ಲಿ ಗೇಮ್ ಇಲ್ಲದವರಿಗೆ ನಾಣ್ಯ ಹಾಕಿ ಆಡುವ ಪಾರ್ಲರ್ ಇತ್ತು. ಅಲ್ಲಿ 'ಮುಸ್ತಫಾ'ನದೇ ರಾಜ್ಯ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಆ ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್'. ನಾಲ್ವರು ವೀರರಲ್ಲಿ ಹಳದಿ ಟೊಪ್ಪಿಗೆಯ ಮುಸ್ತಫಾನೇ ನಮ್ಮ ಹುಡುಗರಿಗೆ ಪ್ರಿಯ. ಅವನ ಹೆಸರೇ ಆಟದ ಹೆಸರಾಗಿ ಉಳಿಯಿತು.

ಪಿಸ್ತೂಲು ಯಾಕೆ ನಡೆಯಲಿಲ್ಲ?

ಹಬ್ಬದ ದಿನ ಮಧ್ಯಾಹ್ನ ಊಟವಾದ ಮೇಲೆ ಅಣ್ಣ ಅಡಾಪ್ಟರ್ ಹುಡುಕಿ ತಂದ. ಹೊಸ ಎಲ್ಇಡಿ ಟಿವಿಯ ಹಿಂದೆ ಹಳದಿ ಪಿನ್ನಿನ ಜಾಗ ಇನ್ನೂ ಇತ್ತು. ವೈರ್ ಜೋಡಿಸಿದ, ಸ್ವಿಚ್ ಹಾಕಿದ. ಪರದೆಯ ಮೇಲೆ ಆಟಗಳ ಪಟ್ಟಿ ಮೂಡಿತು! ಅಣ್ಣನ ಮಗ ಮೊದಲು ಹಿಡಿದದ್ದು ಪಿಸ್ತೂಲು. ಬಾತುಕೋಳಿ ಹಾರಿತು, ಹುಡುಗ ಹೊಡೆದ. ತಾಗಲಿಲ್ಲ. ಮತ್ತೆ ಹೊಡೆದ. ಇಲ್ಲ. ಹುಲ್ಲಿನೊಳಗಿಂದ ನಾಯಿ ಎದ್ದು ನಕ್ಕಿತು. ಟಿವಿಗೆ ಪಿಸ್ತೂಲು ಹಚ್ಚಿ ಹೊಡೆದರೂ ನಾಯಿ ನಗುವುದು ಬಿಡಲಿಲ್ಲ.

ದೋಷ ಪಿಸ್ತೂಲಿನದಲ್ಲ. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಪಿಸ್ತೂಲಿನ ಮೂತಿಯಲ್ಲಿರುವ ಬೆಳಕಿನ ಕಣ್ಣು ಆ ಚೌಕ ಕಂಡರೆ ಗುರಿ ತಾಗಿದ ಲೆಕ್ಕ. ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿ ಚಿತ್ರವನ್ನು ಆ ಕ್ಷಣವೇ ಗೆರೆ ಗೆರೆಯಾಗಿ ಮೂಡಿಸುತ್ತಿತ್ತು. ಈಗಿನ ಟಿವಿಯಲ್ಲಿ ಅದೇ ಚಿತ್ರ ಸೆಕೆಂಡಿನ ಒಂದು ಸಣ್ಣ ಪಾಲು ತಡವಾಗಿ ಬರುತ್ತದೆ. ಅಷ್ಟರಲ್ಲಿ ಆಟವು 'ತಪ್ಪಿತು' ಎಂದು ತೀರ್ಮಾನಿಸಿರುತ್ತದೆ. ಅಂದರೆ ಆಟ ಉಳಿದಿದೆ, ಪಿಸ್ತೂಲು ಉಳಿದಿದೆ, ಅವೆರಡರ ಮಾತು ತಿಳಿಯುವ ಟಿವಿ ಮಾತ್ರ ಹೋಗಿದೆ.

ನನಗೆ ಆಗ ನೆನಪಾದದ್ದು ನಮ್ಮ ಮನೆಯದೇ ಸ್ಥಿತಿ. ಅಣ್ಣನ ಮಗನಿಗೆ ಒಂಬತ್ತು ವರ್ಷ. ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಶಾಲೆ ಇಂಗ್ಲಿಷ್, ವೈನಿಯ ತವರು ಮರಾಠಿ, ಆಟ-ಪಾಠ ಎಲ್ಲ ಮರಾಠಿ. ಅವ್ವನಿಗೆ ಬಾಜಾರಕ್ಕೆ ಸಾಕಾಗುವಷ್ಟು ಮರಾಠಿ ಬರುತ್ತದೆ, ಮೊಮ್ಮಗನ ಕೂಡ ಹರಟೆಗೆ ಸಾಲುವುದಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ "ಊಟಾತೇನಪ್ಪಾ?" ಎಂದರೆ ಆ ಕಡೆಯಿಂದ "ಹೋ ಆಜಿ". ಮುಂದೆ ಮಾತಿಲ್ಲ. ಫೋನ್ ಅಣ್ಣನ ಕೈಗೆ. ಗಡಿಯಾಚೆಯ ಎಷ್ಟು ಮನೆಗಳಲ್ಲಿ ಇದೇ ಕಥೆ ಇಲ್ಲ ಹೇಳಿ?

"ಏನ್ ಖಾಲಿ ಆತೋ?"

ಪಿಸ್ತೂಲು ಕೆಳಗಿಟ್ಟು ಕಾಂಟ್ರಾ ಹಾಕಿದೆವು. ಅದರಲ್ಲಿ ಮೂರೇ ಜೀವ. ಆದರೆ ಆರಂಭದ ಚಿತ್ರ ಬಂದಾಗ ಒಂದು ಮಂತ್ರ ಒತ್ತಿದರೆ 30 ಜೀವ! ಮೇಲೆ ಎರಡು ಸಲ, ಕೆಳಗೆ ಎರಡು ಸಲ, ಎಡ-ಬಲ, ಎಡ-ಬಲ, ಬಿ, ಎ. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಇದನ್ನು ಮೊದಲು ಮಾಡಿದ್ದು 1986ರಲ್ಲಿ, 'ಗ್ರೇಡಿಯಸ್' ಆಟದ ಮನೆ ಆವೃತ್ತಿಗೆ. ತಾನೇ ತಯಾರಿಸುತ್ತಿದ್ದ ಆಟ ಪರೀಕ್ಷಿಸಲು ತನಗೇ ಬಹಳ ಕಠಿಣವಾಯಿತೆಂದು ಈ ಕಳ್ಳದಾರಿ ಇಟ್ಟುಕೊಂಡ. ಅದು ಆಟದಲ್ಲೇ ಉಳಿದು ಜಗತ್ತಿಗೆಲ್ಲ ಹರಡಿತು. ಆತ 2020ರಲ್ಲಿ ತೀರಿಕೊಂಡ.

ಅಣ್ಣ ಮಗನಿಗೆ ಮರಾಠಿಯಲ್ಲೇ ಕಲಿಸತೊಡಗಿದ. "ವರ್ ವರ್, ಖಾಲಿ ಖಾಲಿ..." ಹುಡುಗ ದೊಡ್ಡ ದನಿಯಲ್ಲಿ ಬಾಯಿಪಾಠ ಮಾಡಿದ. ಅಡುಗೆ ಮನೆಯಿಂದ ಅವ್ವ ಕೂಗಿದಳು, "ಏನ್ ಖಾಲಿ ಆತೋ? ಡಬ್ಬಿ ತುಂಬ ಚಕ್ಕಲಿ ಅದಾವಲ್ಲೋ!"

ಮರಾಠಿಯ 'ಖಾಲಿ' ಎಂದರೆ ಕೆಳಗೆ. ಕನ್ನಡದ ಖಾಲಿ ಬೇರೆ. ಅಣ್ಣ ಬಿದ್ದು ಬಿದ್ದು ನಕ್ಕ. ಹುಡುಗನಿಗೆ ತಿಳಿಯಲಿಲ್ಲ. ತಿಳಿಸಿ ಹೇಳಿದಾಗ ಅವನೂ ನಕ್ಕ. ಅವ್ವ ಕೈ ಒರೆಸಿಕೊಂಡು ಬಂದು ಪಕ್ಕ ಕುಳಿತು, "ಖಾಲಿ ಅಲ್ಲೋ, ಕೆಳಗ ಅನ್ನು" ಎಂದಳು. ಆಮೇಲೆ ಮಂತ್ರ ಕನ್ನಡದಲ್ಲೇ ನಡೆಯಿತು: ಮ್ಯಾಲ ಮ್ಯಾಲ, ಕೆಳಗ ಕೆಳಗ, ಎಡಕ್ಕ ಬಲಕ್ಕ, ಎಡಕ್ಕ ಬಲಕ್ಕ. ಆಟ ಶುರುವಾದ ಮೇಲೂ ಅವ್ವ ಏಳಲಿಲ್ಲ. "ಜಿಗಿ! ಬಗ್ಗು! ಹಿಂದ ಬಂದ ನೋಡು!" ಸಂಜೆ ದೀಪ ಹಚ್ಚುವ ಹೊತ್ತಿಗೆ ಹುಡುಗನೇ ನನಗೆ, "ಕಾಕಾ, ಬಗ್ಗು, ಬಗ್ಗು!" ಎನ್ನುತ್ತಿದ್ದ.

ಹಳೆ ಆಟಗಳಿಗೆ ಇಂದು ಬರವಿಲ್ಲ. ನಿಂಟೆಂಡೊ 2016ರಲ್ಲಿ 30 ಹಳೆ ಆಟಗಳ ಪುಟ್ಟ ಯಂತ್ರ ತಂದಿತು. ಕೊನಾಮಿ 2019ರಲ್ಲಿ ಹಳೆಯ ಕಾಂಟ್ರಾ ಆಟಗಳನ್ನು ಒಟ್ಟುಗೂಡಿಸಿ ಕೊಟ್ಟಿತು. ಮೊಬೈಲಿನಲ್ಲೂ ಆಡಬಹುದು. ಆದರೆ ಮೊಬೈಲ್ ಒಬ್ಬರ ಕೈಯಲ್ಲಿರುತ್ತದೆ. ಆ ಡಬ್ಬಿಯಲ್ಲಿ ಎರಡು ರಿಮೋಟ್ ಇದ್ದವು, ಎರಡರ ವೈರೂ ಗಿಡ್ಡ. ಆಡಬೇಕೆಂದರೆ ಒಬ್ಬರಿಗೊಬ್ಬರು ತಾಗಿ ಕೂಡಲೇಬೇಕು. ಕಾಂಟ್ರಾದಲ್ಲಿ ನಮ್ಮ ಜೀವ ತೀರಿದರೆ ಜೊತೆಗಾರನ ಪಾಲಿನದೊಂದನ್ನು ತೆಗೆದುಕೊಳ್ಳಬಹುದಿತ್ತು. ಚಿಕ್ಕಂದಿನಲ್ಲಿ ಅದಕ್ಕೇ ಅಣ್ಣನ ಕೈಲಿ ಪೆಟ್ಟು ತಿಂದಿದ್ದೇನೆ. ಈ ಸಲ ಕೇಳದೆಯೇ ಕೊಟ್ಟ.

ಗೇಮ್ ಪುಣೆಗೆ ಹೋಗಲಿಲ್ಲ. ಅವ್ವನೇ ಬಿಡಲಿಲ್ಲ. "ಇಲ್ಲೇ ಇರ್ಲಿ, ಆಡಾಕರೆ ಬರ್ತಾನ" ಎಂದು ಒರೆಸಿ ಕಪಾಟಿನಲ್ಲಿಟ್ಟಳು. ಮುಂದಿನ ಭಾನುವಾರ ಫೋನ್ ಬಂತು. "ಊಟಾತೇನಪ್ಪಾ?" ಎಂದಳು ಅವ್ವ. ಆ ಕಡೆಯಿಂದ ಬಂದ ಉತ್ತರ:

"ಆತು ಆಯಿ. ಗೇಮ್ ಮ್ಯಾಲ ಇಟ್ಟೀಯೋ, ಕೆಳಗ ಇಟ್ಟೀಯೋ?"