ಸೇವೆಗೆಂದು ಸಮುದ್ರ ದಾಟುವ ಮುನ್ನ



ವಿದೇಶ ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಎರಡೇ ಸಂಗತಿ. ಒಂದು ಉದ್ಯೋಗ, ಇನ್ನೊಂದು ಪ್ರವಾಸ. ಇವೆರಡೂ ಅಲ್ಲದ ಮೂರನೆಯ ದಾರಿಯೊಂದಿದೆ. ಆರು ತಿಂಗಳೋ ಒಂದು ವರ್ಷವೋ ಬೇರೊಂದು ದೇಶದ ಹಳ್ಳಿಯಲ್ಲಿದ್ದು, ಅಲ್ಲಿನ ಶಾಲೆ, ಆರೋಗ್ಯ ಕೇಂದ್ರ, ಕುಡಿಯುವ ನೀರಿನ ಯೋಜನೆ ಅಥವಾ ಮಹಿಳೆಯರ ಉಳಿತಾಯ ಸಂಘದ ಜೊತೆ ಸ್ವಯಂಸೇವಕರಾಗಿ ದುಡಿಯುವುದು. ಬ್ಯಾಂಕಿನಿಂದ ನಿವೃತ್ತರಾದವರು, ಕೆಲಸದ ನಡುವೆ ಒಂದು ವರ್ಷ ಬಿಡುವು ಬಯಸುವ ಎಂಜಿನಿಯರುಗಳು, ನರ್ಸುಗಳು, ಶಿಕ್ಷಕಿಯರು, ಹೀಗೆ ಅನೇಕರಿಗೆ ಈ ಆಸೆ ಇರುತ್ತದೆ. ತಯಾರಿ ಎಲ್ಲಿಂದ ಶುರು ಮಾಡಬೇಕು ಎಂಬುದೇ ಗೊತ್ತಿರುವುದಿಲ್ಲ.

ದೇಶದಿಂದ ದೇಶಕ್ಕೆ ನಿಯಮ ಬೇರೆ. ಆದ್ದರಿಂದ ಇಲ್ಲಿ ಒಂದು ಪ್ರದೇಶವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ಪೂರ್ವ ಆಫ್ರಿಕಾ, ಅದರಲ್ಲೂ ಕೆನ್ಯಾ ಮತ್ತು ಟಾಂಜಾನಿಯಾ. ಮುಂಬೈಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಸುಮಾರು ಆರು ಗಂಟೆಯ ಹಾದಿ. ಬೇರೆ ದೇಶಕ್ಕೆ ಹೊರಟವರೂ ಇದೇ ಕ್ರಮದಲ್ಲಿ ವಿಚಾರಿಸಿಕೊಳ್ಳಬಹುದು.

ನಾನು ಯಾಕೆ ಹೋಗಬೇಕು?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಾನು ಅಲ್ಲಿ ಮಾಡಲಿರುವ ಕೆಲಸವನ್ನು ಆ ಊರಿನವರೇ ಮಾಡಬಲ್ಲರೇ? ಗೋಡೆ ಕಟ್ಟುವುದು, ಬಣ್ಣ ಬಳಿಯುವುದು, ಗುಂಡಿ ತೋಡುವುದು ಇಂಥ ಕೆಲಸಕ್ಕೆ ವಿಮಾನ ಹತ್ತಿ ಹೋಗಬೇಕಾಗಿಲ್ಲ. ಆ ಊರಿನಲ್ಲೇ ಗಾರೆ ಕೆಲಸದವರಿದ್ದಾರೆ, ಅವರಿಗೆ ಕೂಲಿಯೂ ಬೇಕು. ಲೆಕ್ಕಪತ್ರ ಬರೆಯುವುದನ್ನು ಸಂಘದ ಇಬ್ಬರು ಹೆಂಗಸರಿಗೆ ಕಲಿಸುವುದು, ಶಿಕ್ಷಕರಿಗೆ ತರಬೇತಿ ಕೊಡುವುದು, ಪಂಪಿನ ರಿಪೇರಿಯನ್ನು ಊರಿನ ಹುಡುಗರಿಗೆ ಹೇಳಿಕೊಡುವುದು, ಇವು ನೀವು ಮರಳಿದ ಮೇಲೂ ಅಲ್ಲಿ ಉಳಿಯುವಂಥವು. ನಿಮ್ಮ ಹತ್ತು ವರ್ಷದ ಅನುಭವದಲ್ಲಿ ಕಲಿಸಬಹುದಾದದ್ದು ಏನಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಅರ್ಜಿ ಹಾಕುವಾಗ ಆ ಹಾಳೆಯೇ ನೆರವಾಗುತ್ತದೆ.

ಅನಾಥಾಶ್ರಮಗಳ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಎರಡು ವಾರ ಮಕ್ಕಳ ಜೊತೆ ಆಡಿ ಬನ್ನಿ ಎಂದು ಕರೆಯುವ ಜಾಹೀರಾತುಗಳು ಬಹಳ. ನೇಪಾಳ, ಕಾಂಬೋಡಿಯಾದಂಥ ದೇಶಗಳಲ್ಲಿ ಕಂಡುಬಂದದ್ದೇನೆಂದರೆ, ಇಂಥ ಮನೆಗಳಲ್ಲಿರುವ ಅನೇಕ ಮಕ್ಕಳಿಗೆ ತಂದೆಯೋ ತಾಯಿಯೋ ಜೀವಂತ ಇದ್ದಾರೆ. ಹಣ ಕೊಡುವ ವಿದೇಶಿಯರು ಬರುತ್ತಾರೆಂದೇ ಬಡ ಕುಟುಂಬಗಳಿಂದ ಮಕ್ಕಳನ್ನು ತಂದು ಇಟ್ಟ ಪ್ರಕರಣಗಳೂ ಇವೆ. ಆಸ್ಟ್ರೇಲಿಯಾ 2018ರಲ್ಲಿ ಇದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. ಹದಿನೈದು ದಿನಕ್ಕೊಬ್ಬರಂತೆ ಬಂದು, ಹಚ್ಚಿಕೊಂಡು, ಹೊರಟುಹೋಗುವ ದೊಡ್ಡವರಿಂದ ಮಗುವಿಗೆ ಒಳ್ಳೆಯದಾಗುವುದಿಲ್ಲ. ಇಂಥ ಆಹ್ವಾನ ಬಂದರೆ ಬೇಡವೆನ್ನಿ. ಮಕ್ಕಳ ನಡುವೆ ಕೆಲಸ ಮಾಡಬೇಕಾದ ಸಂಸ್ಥೆ ನಿಮ್ಮಿಂದ ಪೊಲೀಸ್ ಪ್ರಮಾಣಪತ್ರ ಕೇಳದಿದ್ದರೆ, ಆ ಸಂಸ್ಥೆಯ ಬಗ್ಗೆಯೇ ಅನುಮಾನಪಡಬೇಕು.

ಯಾರ ಮೂಲಕ ಹೋಗುವುದು?

ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ 1970ರಲ್ಲಿ ಶುರುವಾದದ್ದು. ಇದರ ಕೇಂದ್ರ ಜರ್ಮನಿಯ ಬಾನ್ ನಗರದಲ್ಲಿದೆ. ಆಯ್ಕೆಯಾದವರಿಗೆ ಪ್ರಯಾಣದ ವೆಚ್ಚ, ಜೀವನ ನಿರ್ವಹಣೆಗೆ ತಿಂಗಳ ಭತ್ಯೆ ಮತ್ತು ವಿಮೆ ಸಿಗುತ್ತದೆ. ಯಾವ ಹಂತದಲ್ಲೂ ಅಭ್ಯರ್ಥಿಯಿಂದ ಶುಲ್ಕ ಕೇಳುವುದಿಲ್ಲ. ಅದರ ಹೆಸರು ಹೇಳಿ ಯಾರಾದರೂ ನೋಂದಣಿ ಶುಲ್ಕ ಕೇಳಿದರೆ ಅದು ಮೋಸ. ಮನೆಯಲ್ಲೇ ಕುಳಿತು ಕಂಪ್ಯೂಟರ್ ಮೂಲಕ ನೆರವಾಗುವ ಅವಕಾಶವೂ ಅವರಲ್ಲಿದೆ. ಮೊದಲ ಹೆಜ್ಜೆಗೆ ಅದು ಒಳ್ಳೆಯದು.

ಬ್ರಿಟನ್ನಿನಲ್ಲಿ 1958ರಲ್ಲಿ ಹುಟ್ಟಿದ ವಿಎಸ್‌ಒ ಅನುಭವಿ ವೃತ್ತಿಪರರನ್ನು ಕಳಿಸುವುದಕ್ಕೆ ಹೆಸರಾದದ್ದು. ಎರಡು ಮೂರು ವಾರದ ಶ್ರಮದಾನ ಶಿಬಿರಗಳು ಬೇಕೆಂದರೆ 1920ರಲ್ಲಿ ಸ್ವಿಸ್ ಶಾಂತಿವಾದಿ ಪಿಯರ್ ಸೆರೆಸೋಲ್ ಆರಂಭಿಸಿದ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಇದೆ. ಬಿಹಾರದಲ್ಲಿ 1934ರ ಭೂಕಂಪವಾದಾಗ ಸೆರೆಸೋಲ್ ತಾವೇ ಭಾರತಕ್ಕೆ ಬಂದು ಹಳ್ಳಿಗಳನ್ನು ಕಟ್ಟುವ ಕೆಲಸದಲ್ಲಿ ತೊಡಗಿದ್ದರು. ಇಂಥ ಶಿಬಿರಗಳಿಗೆ ಸಾಮಾನ್ಯವಾಗಿ ಪ್ರಯಾಣದ ಖರ್ಚು ನಮ್ಮದೇ.

ಯಾವುದೇ ಸಂಸ್ಥೆಗೆ ಒಪ್ಪಿಗೆ ಕೊಡುವ ಮೊದಲು ಈ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ:

- ನನ್ನ ಕೆಲಸ ಏನು, ಯಾರ ಕೈಕೆಳಗೆ, ದಿನಕ್ಕೆ ಎಷ್ಟು ಹೊತ್ತು?
- ಹಣ ಕೊಡಬೇಕಿದ್ದರೆ ಅದರಲ್ಲಿ ಊರಿನ ಯೋಜನೆಗೆ ಎಷ್ಟು, ಕಚೇರಿಗೆ ಎಷ್ಟು?
- ಯಾವ ವೀಸಾ, ಅದನ್ನು ಮಾಡಿಸುವವರು ಯಾರು?
- ಕಾಯಿಲೆಯಾದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ?
- ಹಿಂದೆ ಹೋಗಿ ಬಂದ ಇಬ್ಬರ ಜೊತೆ ಮಾತಾಡಿಸುವಿರಾ?

ಕೊನೆಯ ಪ್ರಶ್ನೆಗೆ ಹಿಂದೆಮುಂದೆ ನೋಡುವವರನ್ನು ಬಿಟ್ಟುಬಿಡಿ. ಒಳ್ಳೆಯ ಕೆಲಸವೆಂದು ನಂಬಿಸಿ ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ಗಳಿಗೆ ಕರೆದೊಯ್ದು ಭಾರತೀಯ ಯುವಕರನ್ನು ಸೈಬರ್ ವಂಚನೆಯ ಕೂಪಕ್ಕೆ ತಳ್ಳಿದ ಪ್ರಕರಣಗಳು 2022ರಿಂದೀಚೆ ಸಾಲು ಸಾಲಾಗಿ ಬಂದಿವೆ. ಅಪರಿಚಿತರು ಟಿಕೆಟ್ ಕಳಿಸಿ ಅವಸರ ಮಾಡಿದರೆ ಅಲ್ಲೇ ನಿಲ್ಲಿ.

ಕಾಗದಪತ್ರ

ಪಾಸ್‌ಪೋರ್ಟಿನ ಅವಧಿ ನೀವು ಅಲ್ಲಿ ಇರುವಷ್ಟು ಕಾಲವಲ್ಲದೆ ಇನ್ನೂ ಆರು ತಿಂಗಳಾದರೂ ಇರಲಿ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕವೇ ಅರ್ಜಿ ಹಾಕಬಹುದು. ಇಲ್ಲಿ ನಮ್ಮಂಥವರಿಗೆ ಒಂದು ತೊಡಕಿದೆ. ಪಾಸ್‌ಪೋರ್ಟಿನಲ್ಲಿ ಧಾರವಾಡದ ವಿಳಾಸ, ಇರುವುದು ಠಾಣೆಯಲ್ಲಿ ಎಂದಾದರೆ ಪರಿಶೀಲನೆ ತಡವಾಗುತ್ತದೆ. ವಿಳಾಸ ಬದಲಾವಣೆಯನ್ನು ಮೊದಲೇ ಮುಗಿಸಿಕೊಳ್ಳಿ.

ಪದವಿ ಪತ್ರಗಳಿಗೆ ವಿದೇಶದಲ್ಲಿ ಮಾನ್ಯತೆ ಬೇಕಾದರೆ ದೃಢೀಕರಣ ಬೇಕು. ಭಾರತ 2005ರಿಂದ ಹೇಗ್ ಅಪಾಸ್ಟಿಲ್ ಒಪ್ಪಂದದಲ್ಲಿದೆ. ಆ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ ಸಾಕು. ಸೇರದ ದೇಶಗಳಿಗೆ ಆಯಾ ರಾಯಭಾರ ಕಚೇರಿಯ ಸಹಿಯೂ ಬೇಕಾಗುತ್ತದೆ. ಪದವಿ ಕರ್ನಾಟಕದ ವಿಶ್ವವಿದ್ಯಾಲಯದ್ದಾದರೆ ಮೊದಲ ದೃಢೀಕರಣಕ್ಕೆ ಬೆಂಗಳೂರಿನತ್ತ ಮುಖಮಾಡಬೇಕಾಗಬಹುದು. ಊರಿಗೆ ಹೋಗುವ ಹಬ್ಬದ ರಜೆಯಲ್ಲಿ ಈ ಕೆಲಸವನ್ನೂ ಸೇರಿಸಿಕೊಳ್ಳಿ.

ವೀಸಾ ವಿಷಯದಲ್ಲಿ ಅಡ್ಡದಾರಿ ಬೇಡ. ಸಂಬಳ ಇಲ್ಲ ತಾನೇ, ಪ್ರವಾಸಿ ವೀಸಾ ಸಾಕು ಎಂದು ಕೆಲವರು ಹೇಳುತ್ತಾರೆ. ಅನೇಕ ದೇಶಗಳ ಕಾನೂನಿನಲ್ಲಿ ಸಂಬಳವಿಲ್ಲದ ಕೆಲಸವೂ ಕೆಲಸವೇ. ಟಾಂಜಾನಿಯಾದಲ್ಲಿ ಸ್ವಯಂಸೇವಕರಿಗೂ ಅನ್ವಯಿಸುವ ಸಿ ವರ್ಗದ ವಾಸ ಪರವಾನಗಿ ಇದೆ. ಸಿಕ್ಕಿಬಿದ್ದರೆ ದಂಡ ಕಟ್ಟಿ ಗಡೀಪಾರಾಗುವವರು ನೀವು, ನಿಮ್ಮನ್ನು ಕರೆಸಿದ ಮಧ್ಯವರ್ತಿಯಲ್ಲ. ವೈದ್ಯರು ಮತ್ತು ನರ್ಸುಗಳು ಅಲ್ಲಿನ ವೃತ್ತಿ ಮಂಡಳಿಯ ಅನುಮತಿ ಇಲ್ಲದೆ ರೋಗಿಯನ್ನು ಮುಟ್ಟಬಾರದು.

ಲಸಿಕೆ, ಮಾತ್ರೆ, ವಿಮೆ

ಹಳದಿ ಜ್ವರದ ಲಸಿಕೆ ಇಲ್ಲಿ ಬಹಳ ಮುಖ್ಯ. ಕೆನ್ಯಾ, ಉಗಾಂಡ, ಇಥಿಯೋಪಿಯಾದಂಥ ದೇಶಗಳಿಂದ ಭಾರತಕ್ಕೆ ಮರಳುವಾಗ ಈ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕೆನ್ಯಾ ಮೂಲಕ ಟಾಂಜಾನಿಯಾಕ್ಕೆ ಹೋಗುವವರಿಗೆ ಅಲ್ಲಿಯೂ ಕೇಳಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. ಮೊದಲು ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕಿತ್ತು. 2016ರಿಂದ ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಇದು ಸಿಗುತ್ತದೆ. ಚೆನ್ನೈಯವರಿಗೆ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್, ಹೈದರಾಬಾದಿನವರಿಗೆ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್, ದೆಹಲಿಯವರಿಗೆ ರಾಮಮನೋಹರ ಲೋಹಿಯಾ ಆಸ್ಪತ್ರೆ, ಮುಂಬೈಯವರಿಗೆ ಬಂದರು ಆರೋಗ್ಯ ಸಂಸ್ಥೆ ಪರಿಚಿತ ಕೇಂದ್ರಗಳು. ಪುಣೆಯವರು ಕೇಂದ್ರ ಆರೋಗ್ಯ ಸಚಿವಾಲಯದ ಪಟ್ಟಿ ನೋಡಿ. ದಿನ ಗೊತ್ತುಮಾಡಿಕೊಂಡೇ ಹೋಗಿ, ಪಾಸ್‌ಪೋರ್ಟ್ ಒಯ್ಯಿರಿ. ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು, ಅರವತ್ತು ದಾಟಿದವರು ಮೊದಲು ವೈದ್ಯರನ್ನು ಕೇಳಬೇಕು.

ಟೈಫಾಯ್ಡ್, ಹೆಪಟೈಟಿಸ್, ಧನುರ್ವಾಯು ಲಸಿಕೆಗಳ ಬಗ್ಗೆಯೂ ಅದೇ ಭೇಟಿಯಲ್ಲಿ ವಿಚಾರಿಸಿ. ಆಸ್ಪತ್ರೆ ದೂರವಿರುವ ಹಳ್ಳಿಗೆ ಹೋಗುವವರಿಗೆ ರೇಬೀಸ್ ಲಸಿಕೆಯನ್ನು ಮುಂಚಿತವಾಗಿ ಕೊಡುವುದುಂಟು. ಮಲೇರಿಯಾ ತಡೆಯುವ ಮಾತ್ರೆಗಳಲ್ಲಿ ಡಾಕ್ಸಿಸೈಕ್ಲಿನ್‌ನಂಥವನ್ನು ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು. ಮನೆಗೆ ಬಂದೆವಲ್ಲ ಎಂದು ನಡುವೆ ನಿಲ್ಲಿಸಬೇಡಿ. ಬಂದ ತಿಂಗಳುಗಳ ನಂತರ ಜ್ವರ ಬಂದರೂ ಆಫ್ರಿಕಾಕ್ಕೆ ಹೋಗಿದ್ದೆನೆಂದು ವೈದ್ಯರಿಗೆ ಮೊದಲು ಹೇಳಿ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಜೊತೆ, ಕೈಚೀಲದಲ್ಲಿ ಇಟ್ಟುಕೊಳ್ಳಿ. ಚೀಟಿಯಲ್ಲಿ ಕಂಪನಿಯ ಹೆಸರಲ್ಲದೆ ಔಷಧದ ಮೂಲ ಹೆಸರೂ ಇರಲಿ. ವಿಮೆಯಲ್ಲಿ ಒಂದು ಅಂಶ ಹುಡುಕಿ: ಹಳ್ಳಿಯಿಂದ ದೊಡ್ಡ ಆಸ್ಪತ್ರೆಗೆ, ಬೇಕಾದರೆ ವಿಮಾನದಲ್ಲಿ, ಸಾಗಿಸುವ ವೆಚ್ಚ ಸೇರಿದೆಯೇ? ಪ್ರವಾಸಿ ವಿಮೆಗಳಲ್ಲಿ ಸ್ವಯಂಸೇವಾ ಕೆಲಸವನ್ನು ಹೊರಗಿಟ್ಟಿರುವುದುಂಟು. ಸಣ್ಣ ಅಕ್ಷರಗಳನ್ನೂ ಓದಿ.

ಮನೆ ಮತ್ತು ಹಣ

ನೀವು ಸೇವೆಗೆ ಹೋದರೂ ಸಾಲದ ಕಂತು ನಿಲ್ಲುವುದಿಲ್ಲ. ಹೊರಡುವಾಗ ಇಡೀ ಅವಧಿಯ ಕಂತು, ಬಾಡಿಗೆ, ವಿಮೆಯ ಕಂತುಗಳ ಜೊತೆ ಮರಳಿದ ನಂತರದ ಮೂರು ತಿಂಗಳ ಖರ್ಚನ್ನೂ ಎತ್ತಿಡಿ. ಸಂಬಳವಿಲ್ಲದ ರಜೆ ಸಿಗುವುದಾದರೆ ಅದು ಪತ್ರದಲ್ಲಿ ಬರಲಿ, ಬಾಯಿಮಾತು ಸಾಲದು. ಬ್ಯಾಂಕಿನ ಓಟಿಪಿ ಬರುವ ಮೊಬೈಲ್ ನಂಬರಿಗೆ ವಿದೇಶದಲ್ಲಿ ಸಂದೇಶ ಬರುವ ಏರ್ಪಾಡು ಮಾಡಿಕೊಳ್ಳಿ.

ಊರಿನಲ್ಲಿ ವಯಸ್ಸಾದ ತಂದೆತಾಯಿ ಇದ್ದರೆ, ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಖಾತೆಯಿಂದ ಹಣ ತೆಗೆಯುವವರು ಯಾರು ಎಂಬುದನ್ನು ಅಣ್ಣತಮ್ಮ, ಅಕ್ಕತಂಗಿಯರ ಜೊತೆ ಕೂತು ಹೆಸರು ಹಿಡಿದು ತೀರ್ಮಾನಿಸಿ. ತುರ್ತಾಗಿ ಮರಳಬೇಕಾದರೆ ಬೇಕಾಗುವ ಟಿಕೆಟ್ ಹಣವನ್ನು ಬೇರೆಯೇ ಇಟ್ಟು ಮುಟ್ಟದಿರಿ.

ಕೆನ್ಯಾದಲ್ಲಿ 2007ರಲ್ಲೇ ಶುರುವಾದ ಎಂ-ಪೆಸಾ ಈಗ ಎಲ್ಲ ಕಡೆ. ತರಕಾರಿ ಗಾಡಿಯವರಿಗೂ ಮೊಬೈಲಿನಲ್ಲೇ ಹಣ ಸಂದಾಯ. ಯುಪಿಐ ಬಳಸಿದವರಿಗೆ ಕಷ್ಟವಾಗದು. ಅದಕ್ಕೆ ಸ್ಥಳೀಯ ಸಿಮ್ ಬೇಕು, ಸಿಮ್‌ಗೆ ಪಾಸ್‌ಪೋರ್ಟ್ ಬೇಕು. ಡಾಲರ್ ಒಯ್ಯುವವರು ಹೊಸ, ಮಡಿಕೆಯಿಲ್ಲದ ನೋಟುಗಳನ್ನೇ ಕೇಳಿ ಪಡೆಯಿರಿ. ಹಳೆಯ ನೋಟುಗಳನ್ನು ಅಲ್ಲಿ ಬಹಳ ಕಡೆ ತೆಗೆದುಕೊಳ್ಳುವುದಿಲ್ಲ.

ಪೆಟ್ಟಿಗೆಯಲ್ಲಿ ಏನಿರಬಾರದು

ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಸಾರಿನಪುಡಿ ಒಯ್ಯಿರಿ. ಆದರೆ ಪ್ಲಾಸ್ಟಿಕ್ ಕವರಿನಲ್ಲಲ್ಲ. ಪ್ಲಾಸ್ಟಿಕ್ ಚೀಲಗಳಿಗೆ ರುವಾಂಡ 2008ರಲ್ಲಿ, ಕೆನ್ಯಾ 2017ರಲ್ಲಿ, ಟಾಂಜಾನಿಯಾ 2019ರಲ್ಲಿ ನಿಷೇಧ ಹಾಕಿವೆ. ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಸ್ಟೀಲ್ ಡಬ್ಬಿ, ಬಟ್ಟೆ ಚೀಲ ಬಳಸಿ.

ಇನ್ನೊಂದು ಮುಖ್ಯ ಮಾತು: ಗಸಗಸೆ ಬೇಡ. ನಮಗೆ ಅದು ಪಾಯಸದ ಸಾಮಾನು, ಯುಎಇ ಮತ್ತು ಸಿಂಗಪುರದ ಕಾನೂನಿಗೆ ಮಾದಕ ವಸ್ತು. ಆಫ್ರಿಕಾಕ್ಕೆ ಹೋಗುವ ಅನೇಕ ವಿಮಾನಗಳು ದುಬೈ ಮೂಲಕವೇ ಸಾಗುತ್ತವೆ. ಮಸಾಲೆ ಪುಡಿಯಲ್ಲಿ ಗಸಗಸೆ ಹಾಕಿದೆಯೇ ಎಂದು ಮನೆಯಲ್ಲಿ ಕೇಳಿಕೊಳ್ಳಿ.

ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್ ಇರಲಿ, ನಮ್ಮ ದುಂಡು ಪಿನ್ನು ಅಲ್ಲಿ ಹಿಡಿಯದು. ಟಾರ್ಚು, ಒಳ್ಳೆಯ ಬೂಟು, ಭುಜ ಮತ್ತು ಮೊಣಕಾಲು ಮುಚ್ಚುವ ಹತ್ತಿ ಬಟ್ಟೆ ಸಾಕು. ಉಳಿದದ್ದು ಅಲ್ಲಿನ ಸಂತೆಯಲ್ಲಿ ಸಿಗುತ್ತದೆ.

ಮಾತು, ಊಟ, ಗಡಿಯಾರ

ಮರಾಠಿ, ತಮಿಳು, ತೆಲುಗಿನ ನಡುವೆ ಬಾಳುವೆ ಕಟ್ಟಿಕೊಂಡ ನಮಗೆ ಇನ್ನೊಂದು ಭಾಷೆ ಹೊಸ ಭಯವಲ್ಲ. ಸಂತೆಯಲ್ಲಿ ತಪ್ಪು ತಪ್ಪಾಗಿ ಮಾತಾಡುತ್ತಲೇ ಕಲಿತವರು ನಾವು. ಸ್ವಾಹಿಲಿಯನ್ನೂ ಹಾಗೆಯೇ ಕಲಿಯಬಹುದು. ಚಾಯ್, ಚಪಾತಿ ಅಲ್ಲಿಯೂ ಚಾಯ್, ಚಪಾತಿಯೇ. ಟಾಂಜಾನಿಯಾದಲ್ಲಿ ಹಿರಿಯರನ್ನು ಕಂಡರೆ "ಶಿಕಾಮೋ" ಎನ್ನಬೇಕು, ಅವರು "ಮರಹಾಬಾ" ಎನ್ನುತ್ತಾರೆ. ಕೊಡುವುದು, ತೆಗೆದುಕೊಳ್ಳುವುದು ನಮ್ಮಲ್ಲಿಯಂತೆ ಬಲಗೈಯಲ್ಲೇ.

ಗಡಿಯಾರ ಮಾತ್ರ ಮೊದಲ ವಾರ ಗಲಿಬಿಲಿ ಮಾಡುತ್ತದೆ. ಸ್ವಾಹಿಲಿ ಮಾತಾಡುವವರು ದಿನವನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ, ಒಂಬತ್ತು ಅವರಿಗೆ ಮೂರು. ಸಂಘದ ಸಭೆ ಬೆಳಗ್ಗೆ ಮೂರಕ್ಕೆ ಎಂದರೆ ಗಾಬರಿಯಾಗದೆ ಆರು ಕೂಡಿಸಿ.

ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ಜೊತೆಗೆ ಸೊಪ್ಪು ಅಥವಾ ಕಾಳು. ಕೈಯಲ್ಲೇ ಉಂಡೆ ಕಟ್ಟಿ ತಿನ್ನುವುದು, ಮುದ್ದೆ ಉಂಡವರಿಗೆ ಹೇಳಿಕೊಡಬೇಕಾಗಿಲ್ಲ. ರಾಗಿಯ ತವರು ಪೂರ್ವ ಆಫ್ರಿಕಾವೇ. ಸಾವಿರಾರು ವರ್ಷ ಹಿಂದೆ ಅಲ್ಲಿಂದ ನಮ್ಮ ನೆಲಕ್ಕೆ ಬಂತು. ಕೆನ್ಯಾದಲ್ಲಿ ಅದನ್ನು ವಿಂಬಿ ಎನ್ನುತ್ತಾರೆ, ಬೆಳಗ್ಗೆ ಅದರ ಗಂಜಿ ಕುಡಿಯುತ್ತಾರೆ. ಸಸ್ಯಾಹಾರಿಗಳು "ನ್ಯಾಮಾ", ಅಂದರೆ ಮಾಂಸ ಬೇಡ ಎಂದಷ್ಟೇ ಹೇಳಿದರೆ ಕೋಳಿಯೋ ಮೀನೋ ಬಂದೀತು. ಕುಕು, ಸಮಕಿ ಕೂಡ ಬೇಡವೆಂದು ಹೆಸರಿಸಿ ಹೇಳಿ.

ಅಲ್ಲಿ ಸೇರಿದ ಮೇಲೆ

ಮೊದಲ ತಿಂಗಳು ಕೇಳುವುದಕ್ಕೆ ಮೀಸಲಿಡಿ. ಸಲಹೆ ಆಮೇಲೆ ಕೊಡಬಹುದು. ಒಪ್ಪಿಗೆ ಇಲ್ಲದೆ ಯಾರ ಫೋಟೋವನ್ನೂ, ಅದರಲ್ಲೂ ಮಕ್ಕಳದ್ದು, ತೆಗೆಯಬೇಡಿ. ಶಾಲೆಯ ಫೀಸು, ಔಷಧದ ಖರ್ಚು ಎಂದು ಜನ ಕೇಳುತ್ತಾರೆ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಇಲ್ಲವೆಂದರೆ ಊರು ಒಡೆಯುತ್ತದೆ, ಅದನ್ನು ಸಂಸ್ಥೆಯ ಮೂಲಕ ಮಾಡಿ. ಈಡೇರಿಸಲಾಗದ ಮಾತು ಕೊಡಬೇಡಿ. ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಅದರ ತುರ್ತು ನಂಬರನ್ನು ಕಾಗದದಲ್ಲೂ ಬರೆದಿಡಿ. ತೊಂದರೆಯಾದರೆ ವಿದೇಶಾಂಗ ಸಚಿವಾಲಯದ ಮದದ್ ತಾಣದಲ್ಲಿ ಮನೆಯವರೂ ದೂರು ಕೊಡಬಹುದು.

ಕಾಲದ ಲೆಕ್ಕ ಹೀಗಿರಲಿ. ಹೊರಡುವ ಆರು ತಿಂಗಳ ಮೊದಲು ಸಂಸ್ಥೆಯ ಆಯ್ಕೆ, ಪಾಸ್‌ಪೋರ್ಟ್, ಪದವಿ ಪತ್ರ. ಮೂರು ತಿಂಗಳ ಮೊದಲು ಪೊಲೀಸ್ ಪ್ರಮಾಣಪತ್ರ, ಪರವಾನಗಿ, ರಜೆಯ ಪತ್ರ. ಎರಡು ತಿಂಗಳ ಮೊದಲು ಲಸಿಕೆ, ವಿಮೆ, ಭಾಷೆಯ ಪಾಠ. ಕೊನೆಯ ತಿಂಗಳು ಮನೆಯವರ ಜೊತೆ.

ಇನ್ನೂ ಒಂದು ಸಲಹೆ. ಅರ್ಜಿ ಹಾಕುವ ಮುನ್ನ ನೀವಿರುವ ನಗರದಲ್ಲೇ ಮೂರು ತಿಂಗಳು, ವಾರಕ್ಕೊಂದು ದಿನ, ಪುರಸಭೆಯ ಶಾಲೆಯಲ್ಲೋ ಬಡಾವಣೆಯ ಕ್ಲಿನಿಕ್ಕಿನಲ್ಲೋ ದುಡಿದು ನೋಡಿ. ಹನ್ನೆರಡು ಶನಿವಾರ ತಪ್ಪದೆ ಹೋದವರು ಧೈರ್ಯವಾಗಿ ಅರ್ಜಿ ಹಾಕಬಹುದು. ಮೂರನೇ ವಾರಕ್ಕೇ ಬೇಸರ ಬಂದವರಿಗೆ ವಿಮಾನದ ಟಿಕೆಟ್ಟಿನ ಹಣ ಉಳಿಯುತ್ತದೆ. ಹೋಗುವವರು ಕ್ಷೇಮವಾಗಿ ಹೋಗಿ ಬನ್ನಿ, ಬಂದ ಮೇಲೆ ಅಲ್ಲಿನ ಸುದ್ದಿಯನ್ನು ನಮ್ಮ ಕೇಳುಗರಿಗೂ ಹೇಳಿ.